ದೇವಿಯ ಕಣ್ಣಿಗೆ ಅಡ್ಡ ಬಂದ ಗಳ

ಬಿದಿರು ಗಳವೊಂದಕ್ಕೆ ಎಂಬತ್ತು ಡಾಲರ್. ಕಟ್ಟುವ ಕೂಲಿ ಬೇರೆ. ನನ್ನ ಬೆನ್ನಿಗೆ ಎಷ್ಟು ಅಂತ ಯಾರೂ ರೇಟು ಹೇಳಿರಲಿಲ್ಲ.

ಆ ಬೆನ್ನನ್ನೇ ನಾಟಕದ ಚಪ್ಪರದ ಹಿಂಬದಿ ಕಂಬಕ್ಕೆ ಒತ್ತಿಕೊಂಡು ನಿಂತಿದ್ದೆ.

ಚಪ್ಪರ ವಾಲುತ್ತಿತ್ತು...

ಒಳಗೆ ಮುನ್ನೂರು ಜನ. ಮುಕ್ಕಾಲು ಪಾಲು ಅಜ್ಜಿಯರು. ಕೂಗಿ ಎಬ್ಬಿಸುವ ಹಾಗಿಲ್ಲ. ಒಟ್ಟಿಗೆ ಎದ್ದರೆ ಆ ನೂಕಾಟಕ್ಕೇ ಚಪ್ಪರ ಮಲಗುತ್ತದೆ.

ಕಾರಣ, ಒಂದು ಓರೆ ಗಳ.

ಹಾಂಗ್‌ಕಾಂಗಿನ ನಮ್ಮ ದ್ವೀಪದಲ್ಲಿ ನಾಟಕ ಆಡಿಸುವುದು ಕಡಲದೇವಿಗೆ. ನಾವು ಪುಕ್ಕಟೆ ಗಿರಾಕಿಗಳು. ಜನರ ಹಿಂದೆ ಪಲ್ಲಕ್ಕಿಯಲ್ಲಿ ಕೂತ ಅವಳ ನೋಟಕ್ಕೆ ಏನೂ ಅಡ್ಡ ಬರಬಾರದು. ಆ ಗಳ ಬಂತು. ಉತ್ಸವದ ಅಧ್ಯಕ್ಷ ಯೂನ್, ಹಂದಿಮಾಂಸದ ಅಂಗಡಿಯವನು, ಬೆಳಿಗ್ಗೆ ಕತ್ತಿ ತೋರಿಸಿ ಬಿಚ್ಚಿಸಿಬಿಟ್ಟ. ಚಪ್ಪರ ಕಟ್ಟಿದ ಲೋಯ್ ಅಣ್ಣ ನನಗೆ ಫೋನ್ ಮಾಡಿದ. ಜಗಳ ಬಿಡಿಸುವುದು ನನ್ನ ಕಸುಬು.

ಗಳ ಸಿಕ್ಕಿದ್ದು ಯೂನನ ಅಂಗಡಿಯಲ್ಲಿ. ಅದಕ್ಕೆ ಹಂದಿ ಕಾಲು ನೇತುಹಾಕಿದ್ದ. ಕಾಲುಗಳ ಸಮೇತ ಎತ್ತಿಕೊಂಡು ಓಡಿದೆ. ಹಿಂದೆ ಅವನ ಇಬ್ಬರು ಆಳುಗಳು. ಅವರ ಹಿಂದೆ ಊರಿನ ನಾಯಿಗಳು.

ಗಳವನ್ನು ಲೋಯ್ ಅಣ್ಣನ ಕೈಗೆ ಕೊಟ್ಟು ಕಂಬಕ್ಕೆ ಬೆನ್ನು ಕೊಟ್ಟೆ. ಯೂನ್ ಅಡ್ಡ ನಿಂತ.

"ದೇವಿ ಕಣ್ಣಿಗೆ ಅಡ್ಡ ಕಟ್ಟಿದ್ರೆ ಕೈ ಕಡೀತೀನಿ."

"ಬರೀ ಚೌಕ ಕಟ್ಟಿದ್ರೆ ಅದು ಮಡಚೋ ಕುರ್ಚಿ, ಯಜಮಾನ್ರೇ," ಅಂದ ಲೋಯ್ ಅಣ್ಣ. "ಓರೆ ಗಳ ಬಿದ್ರೇನೇ ನಿಲ್ಲೋದು."

ಕಂಬ ಕರಕರ ಅಂದಿತು. ನನ್ನ ಬೆನ್ನೂ.

ಪಲ್ಲಕ್ಕಿಯನ್ನೇ ನಾಲ್ಕಡಿ ಸರಿಸೋಣ ಅಂದೆ.

"ಅವಳನ್ನ ಕೇಳದೇನಾ?" ಅಂದ ಯೂನ್.

"ಕೇಳು ಮಾರಾಯ... ಬೇಗ ಕೇಳು."

ಕೇಳುವುದೆಂದರೆ ಒಂದು ಬದಿ ಉಬ್ಬಿದ ಎರಡು ಮರದ ತುಂಡು ಎಸೆಯುವುದು. ಒಂದು ಬೋರಲು, ಒಂದು ಅಂಗಾತ ಬಿದ್ದರೆ ಒಪ್ಪಿಗೆ.

ಎಸೆದ. ಎರಡೂ ಬೋರಲು. ಚಪ್ಪರ ಒಂದು ಗೇಣು ವಾಲಿತು.

ಮತ್ತೆ ಎಸೆದ. ಎರಡೂ ಅಂಗಾತ. ವೇದಿಕೆಯ ಮೇಲೆ ನಾಯಕಿ ಅಳುವ ಹಾಡು ಶುರು ಮಾಡಿದಳು. ಅಜ್ಜಿಯರೆಲ್ಲ ಮೂಗು ಒರೆಸಿಕೊಳ್ಳಲು ಒಟ್ಟಿಗೆ ಬಾಗಿದರು... ಇನ್ನೊಂದು ಗೇಣು.

"ನೆಟ್ಟಗೆ ಕೇಳೋ!" ಅಂದೆ. "ಚಪ್ಪರ ಬಿದ್ರೆ ನಾಳೆಯಿಂದ ಒಬ್ಬಳೇ ನಾಟಕ ನೋಡೋಕೆ ಬೇಜಾರಲ್ವಾ, ಸ್ವಲ್ಪ ಸರೀತೀಯಾ ತಾಯಿ ಅಂತ ಕೇಳು."

ಕೇಳಿದ. ಎಸೆದ.

ಒಂದು ಬೋರಲು. ಒಂದು ಅಂಗಾತ.

ದೇವಿ ಸರಿದಳು. ಲೋಯ್ ಅಣ್ಣ ಗಳ ಬಿಗಿದ. ಚಪ್ಪರ ನಿಂತಿತು. ಒಳಗಿನವರಿಗೆ ಸುದ್ದಿಯೇ ಇಲ್ಲ.

ಜೀವಗಳೆಲ್ಲ ಉಳಿದವು. ದೇವಿಗೆ ವೇದಿಕೆ ಪೂರ್ತಿ ಕಂಡಿತು. ನಷ್ಟ ಆದದ್ದು ಯೂನ್ ಒಬ್ಬನಿಗೇ. ದೇವಿ ಸರಿದು ಕೂತದ್ದು ಅಧ್ಯಕ್ಷರ ಕುರ್ಚಿ ಇದ್ದ ಜಾಗದಲ್ಲಿ. ಉತ್ಸವ ಮುಗಿಯುವವರೆಗೂ ಅವನು ಗಳದ ಹಿಂದೆ ಕೂತು ಅರ್ಧ ನಾಯಕಿಯನ್ನೇ ನೋಡಿದ.