ಮೂರನೆಯ ಡೆಲೈಲಾ

ಇದು ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಕೆಂಟಕಿಯಲ್ಲಿ ನಡೆದದ್ದು. ನಮ್ಮ ಟ್ಯಾಕೆಟ್ ವಂಶಾವಳಿ ಮುಗಿಸಲು ನನಗೆ ಒಂದೇ ಕೊಂಡಿ ಬೇಕಿತ್ತು: ಕೆಂಟಕಿಯಲ್ಲಿ ಹುಟ್ಟಿ, ಬಂಡಿಯಲ್ಲಿ ಮಿಸೌರಿಗೆ ಬಂದು, ನಮ್ಮ ಕವಲನ್ನು ಬೆಳೆಸಿದ ಡೆಲೈಲಾ.

ಮನೆಯ ಹುಟ್ಟು-ಸಾವುಗಳನ್ನು ಬರೆದಿಡುತ್ತಿದ್ದ ಮನೆತನದ ಬೈಬಲ್ ದೂರದ ಸಂಬಂಧಿ ಓರ್ಫಾ ಅತ್ತೆಯ ಬಳಿ ಇತ್ತು. ಆಕೆ ನನ್ನನ್ನು ಒಳಗೆ ಬಿಡಲಿಲ್ಲ. ಜಗಲಿಯಲ್ಲೇ ನನ್ನ ವಂಶಾವಳಿಯ ಪಟ್ಟಿ ಕಿತ್ತುಕೊಂಡು ನೋಡಿದಳು.

"ಒಬ್ಳೇ ಡೆಲೈಲಾ ಅಂತ ಬರ್ದಿದೀಯಲ್ಲೇ! ಮೂರು ಜನ ಕಣೇ. ಒಂದು ಮಗು ಸತ್ರೆ ಅದರ ಹೆಸರನ್ನೇ ಮುಂದಿನದಕ್ಕೆ ಇಡ್ತಿದ್ರು. ಓದಿದೋಳು, ಇಷ್ಟೂ ಗೊತ್ತಿಲ್ವಾ?"

"ಮೂರನೇದು ಬದುಕ್ತಲ್ಲ ಅತ್ತೆ. ನಾವು ಅವಳ ಕಡೆಯೋರು."

"ಹಿಂದಿನ ಗುಡ್ಡ ಹತ್ತಿ ಕಲ್ಲು ಮುಟ್ಟಿ ನೋಡು. ಆಮೇಲೆ ನನ್ನನ್ನ ಅತ್ತೆ ಅನ್ನು."

ಗುಡ್ಡದಲ್ಲಿ ಮೂರು ಚಿಕ್ಕ ಸಮಾಧಿಗಲ್ಲುಗಳಿದ್ದವು, ಮೂರರ ಮೇಲೂ ಅದೇ ಹೆಸರು. ಮೊದಲೆರಡು ಬಿಸಿಲಿಗೆ ಕೈ ಸುಡುವಷ್ಟು ಕಾದಿದ್ದವು. ಮೂರನೆಯದು ಬಾವಿಯ ನೀರಿನಷ್ಟು ತಣ್ಣಗಿತ್ತು. ಕಾಗದ ಹೊದಿಸಿ, ಮೇಣದ ಕಡ್ಡಿ ಉಜ್ಜಿ ಅಕ್ಷರ ಇಳಿಸಿಕೊಂಡೆ. ತೆಗೆದಾಗ ಕಾಗದದ ಹಿಂಬದಿ ಒದ್ದೆಯಾಗಿತ್ತು. ಅಷ್ಟು ಹೊತ್ತೂ ಒಂದು ಜೀರುಂಡೆ ಸಹ ಕೂಗಲಿಲ್ಲ.

ಮರಳಿದಾಗ ಅತ್ತೆ ಬೈಬಲ್ ತೆರೆದು ಹಿಡಿದಿದ್ದಳು. ಆರು ವರ್ಷದ ಮೂರನೆಯ ಡೆಲೈಲಾ 1818ರ ಮಾರ್ಚ್‌ನಲ್ಲಿ ತೀರಿಕೊಂಡಳೆಂದು ಆ ಮಗುವಿನ ತಾಯಿಯ ಕೈಬರಹದಲ್ಲಿತ್ತು. ಮಿಸೌರಿಗೆ ಬಂಡಿಗಳು ಹೊರಟದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ.

"ನಾಲ್ಕನೇದು ಹುಟ್ಟಲೇ ಇಲ್ಲ," ಎಂದಳು ಅತ್ತೆ. "ಆದ್ರೂ ಆರು ವರ್ಷದ ಡೆಲೈಲಾ ಬಂಡಿ ಹತ್ತಿದ್ಲು. ನೀವೆಲ್ಲ ಅದರ ಸಂತಾನ. ಇಳಿ ನನ್ನ ಜಗಲಿಯಿಂದ."

ಮಿಸೌರಿಯಲ್ಲಿ ನಮ್ಮ ಡೆಲೈಲಾ ಒಂಬತ್ತು ಮಕ್ಕಳನ್ನು ಹೆತ್ತ ದಾಖಲೆ ನನ್ನಲ್ಲಿದೆ. ಅವಳು ಸತ್ತ ದಾಖಲೆ ಎಲ್ಲಿಯೂ ಸಿಕ್ಕಿಲ್ಲ.