ಎಂಜಲು ಕಳವು

ಸೋಮವಾರ ಬೆಳಿಗ್ಗೆ, ಠಾಣೆಯ ಜಗಲಿ ಗುಡಿಸಿ ಮುಗಿಯುವ ಮೊದಲೇ ಒಬ್ಬ ಲಿಫ್ಟ್ ಮೆಕ್ಯಾನಿಕ್ ಬಂದು ಇನ್‌ಸ್ಪೆಕ್ಟರರ ಮೇಜಿನ ಮುಂದೆ ನಿಂತ.

"ಸಾರ್, ನನ್ನ ಎಂಜಲು ಕದ್ದಿದ್ದಾರೆ. ಕಂಪ್ಲೇಂಟ್ ತಗೊಳ್ಳಿ."

ಹೆಡ್ ಕಾನ್‌ಸ್ಟೆಬಲ್ ಮೇಡಂ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ಇನ್‌ಸ್ಪೆಕ್ಟರ್ ನಗಲಿಲ್ಲ. ಅವರದು ಹುಟ್ಟು ಅನುಮಾನದ ಜೀವ, ಹೆಂಡತಿ ಕೇಳದೆ ಕಾಫಿ ತಂದಿಟ್ಟರೂ "ಏನು ಸಮಾಚಾರ?" ಎನ್ನುವವರು.

"ಕೂತ್ಕೊಳ್ಳಿ. ಮೊದಲಿಂದ ಹೇಳಿ."

ಮೆಕ್ಯಾನಿಕ್ ಅನಾಥಾಲಯದಲ್ಲಿ ಬೆಳೆದವನು. ತನ್ನವರು ಯಾರಾದರೂ ಸಿಕ್ಕಾರೆಂದು ವಂಶ ಪತ್ತೆಯ ಡಿಎನ್ಎ ಲ್ಯಾಬ್‌ಗೆ ಎಂಜಲು ಕಳಿಸಿದ್ದ. ಅಲ್ಲೇ ಪರೀಕ್ಷೆ ಮಾಡಿಸಿದ್ದ ಒಬ್ಬ ಹೆಂಗಸು ಅವನಿಗೆ ಹತ್ತಿರದ ರಕ್ತಸಂಬಂಧಿ ಎಂದು ಗೊತ್ತಾಯಿತು. ಆಕೆಯ ಸೋದರತ್ತೆಯ ಮೂರು ವರ್ಷದ ಮಗ ಹಿಂದೊಮ್ಮೆ ರೈಲು ನಿಲ್ದಾಣದಲ್ಲಿ ಕಳೆದುಹೋಗಿದ್ದನಂತೆ. ಆದರೆ ಆ ಮಗ ಮರುವರ್ಷವೇ ಸಿಕ್ಕಿದ್ದ! ಈಗ ಕನ್ನಡಕದಂಗಡಿ ಇಟ್ಟುಕೊಂಡು ತಾಯಿಯ ಜೊತೆಗೇ ಇದ್ದಾನೆ. ಹಾಗಾದರೆ ಮೆಕ್ಯಾನಿಕ್ ಯಾರು? ತಾಯಿ, ಕನ್ನಡಕದವನು, ಮೆಕ್ಯಾನಿಕ್ ಮೂವರೂ ತಾಯಿಯ ಮನೆಯಲ್ಲೇ ಒಟ್ಟಿಗೆ ಕೂತು, ಹೆಸರಿನ ಚೀಟಿ ಅಂಟಿಸಿದ ಟ್ಯೂಬುಗಳಲ್ಲಿ ಎಂಜಲು ಕೊಟ್ಟರು. ಕನ್ನಡಕದವನೇ ಮಗ, ಮೆಕ್ಯಾನಿಕ್ ಯಾರೂ ಅಲ್ಲ ಎಂದು ವರದಿ ಬಂತು.

"ಸೋದರಸೊಸೆಗೆ ನೆಂಟನಾದೋನು ಸೋದರತ್ತೆಗೆ ಯಾರೂ ಅಲ್ಲ ಅಂದ್ರೆ ಹೇಗೆ ಸಾರ್?"

"ಆ ಹೆಂಗಸಿನ ತಾಯಿ ಕಡೆಯ ನೆಂಟ ಇರಬಹುದು. ಅದಿರಲಿ, ಆ ಮನೇಲಿ ಆಸ್ತಿ ಎಷ್ಟಿದೆ?"

ಮೆಕ್ಯಾನಿಕ್‌ನ ಮುಖ ಕೆಂಪಾಯಿತು. "ಆಸ್ತಿ ಅವರೇ ಇಟ್ಕೊಳ್ಳಲಿ. ನನಗೆ ಅಮ್ಮ ಅಂತ ಒಬ್ಬರನ್ನ ಕರೀಬೇಕು, ಅಷ್ಟೆ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡರೂ ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಆರೋಪಿಯ ಕಾಲಂನಲ್ಲಿ 'ಅಪರಿಚಿತರು' ಎಂದು ಬರೆಸಿದರು.

ಮಧ್ಯಾಹ್ನ ತಾಯಿಯ ಹೇಳಿಕೆ ಪಡೆದರು. ಎಂಜಲು ಕೊಟ್ಟ ದಿನ ಊಟಕ್ಕೆ ಬಡಿಸುವಷ್ಟರಲ್ಲಿ ಕೊರಿಯರ್‌ಗೆ ಹಾಕಿ ಬರುತ್ತೇನೆಂದು ಟ್ಯೂಬುಗಳನ್ನು ಮಗನೇ ಒಯ್ದಿದ್ದ.

"ಕಳೆದ ಮಗು ಸಿಕ್ಕಾಗ ಗುರುತು ಹೇಗೆ ಹಿಡಿದ್ರಿ ತಾಯಿ?"

"ಅತ್ತು ಅತ್ತು ಕಣ್ಣೇ ಕಾಣ್ತಿರಲಿಲ್ಲಪ್ಪ. ನಿಮ್ಮ ಪೊಲೀಸರೇ ಕರ್ಕೊಂಡು ಬಂದ್ರು. ಹೆಸರು ಹಿಡಿದು ಕೂಗಿದೆ, ಓಡಿಬಂದು ಕೊರಳಿಗೆ ಜೋತುಬಿದ್ದ. ಇನ್ನೇನು ಗುರುತು ಬೇಕು?"

ಇನ್‌ಸ್ಪೆಕ್ಟರರಿಗೆ ಇರುಸುಮುರುಸಾಯಿತು. ಫೈಲು ಮುಚ್ಚುವ ಅವಸರದಲ್ಲಿ ಇಲಾಖೆ ಎಂಥೆಂಥ ಕೆಲಸ ಮಾಡುತ್ತದೆಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಅಲ್ಲಿಂದ ನೇರ ಕನ್ನಡಕದಂಗಡಿಗೆ. ಅಂಗಡಿಯವನು ಕೇಳುವ ಮೊದಲೇ ಕುರ್ಚಿ ಹಾಕಿದ, ಫ್ಯಾನ್ ತಿರುಗಿಸಿದ.

"ಟ್ಯೂಬುಗಳನ್ನ ನೀವೇ ಕೊರಿಯರ್‌ಗೆ ಕೊಟ್ಟಿದ್ದಾ?"

"ಹೌದು ಸಾರ್. ನೆಟ್ಟಗೆ ಅಲ್ಲಿಗೇ ಹೋದೆ. ಚೀಟಿ ಗೀಟಿ ಏನೂ ಮುಟ್ಟಿಲ್ಲ."

"ಚೀಟಿ ಮಾತು ಯಾರು ಎತ್ತಿದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಹೆಡ್ ಕಾನ್‌ಸ್ಟೆಬಲ್ ಮೇಡಂ ಕೆಲಸದ ಮೇಜಿನ ಕಡೆ ಕೈ ತೋರಿಸಿದರು. "ಬಿಸಿಗಾಳಿ ಬರ್ತಿದೆಯಲ್ಲ, ಇದೇನು?"

"ಫ್ರೇಮ್ ಕಾಯಿಸಿ ಬಗ್ಗಿಸೋದಕ್ಕೆ ಮೇಡಂ."

ಮರುದಿನ ಲ್ಯಾಬ್‌ನಲ್ಲಿ ಇನ್‌ಸ್ಪೆಕ್ಟರ್ ಖಾಲಿ ಟ್ಯೂಬೊಂದರ ಚೀಟಿಯನ್ನು ಉಗುರಿನಿಂದ ಕಿತ್ತರು. ಅದು ಚಿಂದಿಯಾಯಿತು. "ತಣ್ಣಗಿದ್ದಾಗ ಕಿತ್ತರೆ ಹರಿಯೋ ಹಾಗೇ ಮಾಡಿರ್ತೀವಿ," ಎಂದಳು ಲ್ಯಾಬ್ ಅಧಿಕಾರಿ. "ಬೆಚ್ಚಗೆ ಮಾಡಿದ್ರೆ ಮಾತ್ರ ಇಡಿಯಾಗಿ ಬರುತ್ತೆ." ಮೆಕ್ಯಾನಿಕ್ ಮತ್ತು ಕನ್ನಡಕದವನ ಟ್ಯೂಬುಗಳನ್ನು ದೀಪಕ್ಕೆ ಹಿಡಿದು ನೋಡಿದಾಗ ಚೀಟಿಯ ಅಂಚಿನಾಚೆ ಹಳೆಯ ಅಂಟಿನ ಗೆರೆ ಕಂಡಿತು.

"ಮೆಕ್ಯಾನಿಕ್ ಮೊದಲು ಕಳಿಸಿದ್ದ ಎಂಜಲು ಇನ್ನೂ ಇದೆಯಾ?"

"ಫ್ರೀಜರ್‌ನಲ್ಲಿದೆ. ಸುಲಭಕ್ಕೆ ಬಿಸಾಕಲ್ಲ ನಾವು."

ಪಾಪ, ಕನ್ನಡಕದವನಿಗೆ ಇದೊಂದು ಹೊಳೆದಿರಲಿಲ್ಲ. ವರದಿ ಕೊಟ್ಟ ಮೇಲೆ ಎಂಜಲನ್ನು ಯಾರು ಜೋಪಾನ ಮಾಡುತ್ತಾರೆ ಎಂದುಕೊಂಡಿದ್ದ. ಹಳೆಯ ಎಂಜಲಿಗೆ ಹೋಲಿಸಿ ನೋಡಿದ ಉತ್ತರ ಶುಕ್ರವಾರ ಬಂತು. ಕನ್ನಡಕದವನ ಹೆಸರಿನ ಟ್ಯೂಬಿನಲ್ಲಿದ್ದದ್ದು ಮೆಕ್ಯಾನಿಕ್‌ನ ಎಂಜಲು. ತಾಯಿಗೆ ಮಗ ಅವನೇ. ಮೆಕ್ಯಾನಿಕ್‌ನ ಹೆಸರಿನ ಟ್ಯೂಬಿನಲ್ಲಿದ್ದದ್ದು ಆ ಮನೆಗೆ ಸಂಬಂಧವೇ ಇಲ್ಲದ ಮನುಷ್ಯನದು.

ಪಂಚರ ಸಮಕ್ಷಮ ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಬಿಸಿಗಾಳಿಯ ಯಂತ್ರವನ್ನು ಜಪ್ತಿ ಮಾಡಿ, ಕನ್ನಡಕದವನನ್ನು ಬಂಧಿಸಿ ಠಾಣೆಗೆ ತಂದರು.

"ನೀವು ಆಕೆ ಮಗ ಅಲ್ಲ ಅಂತ ಯಾವಾಗ ಗೊತ್ತಾಯ್ತು?"

"ಮೊದಲಿಂದಾನೂ ಗೊತ್ತಿತ್ತು ಸಾರ್. ನಿಲ್ದಾಣದಲ್ಲಿ ಬಿದ್ದುಕೊಂಡಿರ್ತಿದ್ದೆ. ಪೊಲೀಸರು ಎತ್ಕೊಂಡು ಹೋಗಿ ಒಂದು ಮನೆ ಮುಂದೆ ನಿಲ್ಲಿಸಿದ್ರು. ಅಮ್ಮ ಯಾವುದೋ ಹೆಸರು ಹಿಡಿದು ಕೂಗಿದ್ರು. ಅದು ನನ್ನ ಹೆಸರಲ್ಲ. ಆದ್ರೆ ಅಷ್ಟು ಆಸೆಯಿಂದ ನನ್ನನ್ನ ಯಾರೂ ಕರೆದಿರಲಿಲ್ಲ. ಓಡ್ಬಿಟ್ಟೆ." ಅವನು ಕಣ್ಣೊರೆಸಿಕೊಂಡ. "ಈಗ ಇವನು ಬಂದು ಅಮ್ಮ ನನ್ನೋಳು ಅಂದ. ನಾನೆಲ್ಲಿಗೆ ಹೋಗ್ಲಿ ಸಾರ್?"

ವಿಷಯ ತಿಳಿದ ಮೆಕ್ಯಾನಿಕ್ ಠಾಣೆಗೆ ನುಗ್ಗಿ ಬಂದ. "ನನ್ನ ತಟ್ಟೇಲಿ ಉಂಡ, ನನ್ನ ಹಾಸಿಗೇಲಿ ಮಲಗಿದ! ನನ್ನ ಹೆಸರನ್ನೂ ಬಿಡಲಿಲ್ಲ ಸಾರ್. ಅವನ ಮನೆಯವರು ಯಾರು? ಅವರನ್ನ ಕರೆಸಿ, ನಾನು ಕೇಳ್ತೀನಿ."

ಇನ್‌ಸ್ಪೆಕ್ಟರ್ ಆ ಕಾಲದ ದೂರುಗಳನ್ನೆಲ್ಲ ತೆಗೆಸಿ ನೋಡಿ ಮುಗಿಸಿದ್ದರು.

"ಯಾರೂ ಇಲ್ಲಪ್ಪ. ಅಂಥ ಮಗು ಕಾಣೆಯಾಗಿದೆ ಅಂತ ಒಬ್ಬರೂ ದೂರು ಕೊಟ್ಟಿಲ್ಲ."

ಮೆಕ್ಯಾನಿಕ್ ಬೆಂಚಿನ ಮೇಲೆ ಕೂತ. ಲಾಕಪ್ಪಿನ ಕಡೆ ನೋಡಿದ.

"ನನ್ನನ್ನಾದ್ರೂ ಅಮ್ಮ ಹುಡುಕಿದ್ರು," ಎಂದ.