ಸ್ನಾಯುವಿನ ಪಾಠ

ಮೇಘಶ್ರೀಯ ಕೈಯಿಂದ ಪುಸ್ತಕ ಬಿದ್ದದ್ದು ಸರಿಯಾಗಿ ಅಶ್ವಿನ್‌ನ ಕಾಲ ಬುಡಕ್ಕೆ. ಅವನು ಅದನ್ನು ನೋಡಿದ, ಅವಳನ್ನೂ ನೋಡಿದ. ಆದರೆ ಕುರ್ಚಿಯಿಂದ ಏಳಲಿಲ್ಲ, ಬಗ್ಗಲೂ ಇಲ್ಲ.

ಸಂಸೆಯಿಂದ ಒಂಬತ್ತರ ಬಸ್ಸಿನಲ್ಲಿ ನಿಂತೇ ಬಂದು, ಕಳಸದ ಪೇಟೆಯಿಂದ ಏರುದಾರಿ ಹತ್ತಿ ಬಂದಿದ್ದ ಮೇಘಶ್ರೀ ತಾನೇ ಬಗ್ಗಿ ಎತ್ತಿಕೊಂಡಳು. ಎಂಥ ಕೊಬ್ಬು ಈ ಮನುಷ್ಯನಿಗೆ, ಅಂದುಕೊಂಡಳು.

ಅದು ತೊಂಬತ್ತೆಂಟರ ಜನವರಿ. ಚಿಕ್ಕಮಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಅವಳು ಮೊದಲ ವರ್ಷದ ಅನಾಟಮಿ ಫಿಸಿಯಾಲಜಿಯಲ್ಲಿ ಎರಡು ಸಲ ಫೇಲಾಗಿದ್ದಳು. ಓದಿಕೊಳ್ಳಲೆಂದು ಸಂಸೆಯ ಮನೆಗೆ ಬಂದಿದ್ದಳು. ಏಪ್ರಿಲ್‌ನಲ್ಲಿ ಮೂರನೇ ಸಲ. ಅದರಲ್ಲೂ ಹೋದರೆ ಓದು ಅಲ್ಲಿಗೆ ಮುಗಿಯಿತು. ಅಪ್ಪ ನಾಗೇಶ ಎಸ್ಟೇಟ್ ಒಂದರಲ್ಲಿ ರೈಟರ್, ಲೆಕ್ಕಪತ್ರ ಬರೆಯುವ ಗುಮಾಸ್ತ. ಅವರೇ ಈ ಮನೆ ಹುಡುಕಿದ್ದು. "ಎಂಎಸ್ಸಿ ಮಾಡಿದವರು, ಆಲ್ದೂರಿನ ಕಾಲೇಜಲ್ಲಿ ಪಾಠ ಮಾಡ್ತಿದ್ರು. ಬೆನ್ನುನೋವು ಅಂತ ಕೆಲಸ ಬಿಟ್ಟು ಮನೇಲಿದ್ದಾರೆ. ಹೋಗಿ ಕಲ್ತ್ಕೋ," ಅಂದಿದ್ದರು.

ಕಾಫಿ ಕಣದ ಪಕ್ಕದ ಜಗಲಿಯಲ್ಲಿ ಪಾಠ. ಎದುರಿಗೆ ಹೆಂಗಸರು ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿಯನ್ನು ಒಣಗಲು ಹರಡಿ ಕಾಲಿನಿಂದ ಸಾಲು ಎಳೆಯುತ್ತಿದ್ದರು.

"ಎಲ್ಲಿ ಕಷ್ಟ ಆಗ್ತದೆ ನಿಮಗೆ?" ಎಂದು ಅಶ್ವಿನ್ ಕೇಳಿದ.

"ಮೊದಲನೇ ಪುಟದಲ್ಲಿ, ಸರ್."

ಅವನು ನಕ್ಕ. ನಕ್ಕಾಗ ಮುಖ ಬೇರೆಯೇ ಆಗುತ್ತಿತ್ತು. ಅವಳು ಕೋಪವನ್ನು ಸ್ವಲ್ಪ ಹೊತ್ತು ಮುಂದಕ್ಕೆ ಹಾಕಿದಳು.

"ಶಾಲೇಲಿ ಪರಮಾಣು ಓದಿದ್ದೀರಲ್ಲ, ಅದೇ ಆಟಮ್. ಜೀವಕೋಶ ಅಂದ್ರೆ ಸೆಲ್. ಅಂಗಾಂಶ ಅಂದ್ರೆ ಟಿಶ್ಯೂ. ನಿಮಗೆ ಗೊತ್ತಿರೋದನ್ನೇ ಅವರು ಇಂಗ್ಲಿಷಲ್ಲಿ ಕೇಳಿ ಹೆದರಿಸ್ತಾರೆ, ಅಷ್ಟೇ. ನಿಮ್ಮ ಮೈಯಲ್ಲಿ ಕಬ್ಬಿಣ ಎಷ್ಟಿದೆ ಗೊತ್ತಾ?"

"ಇಲ್ಲ."

"ಒಂದು ಸಣ್ಣ ಮೊಳೆ ಮಾಡುವಷ್ಟು. ಅಷ್ಟಿಲ್ಲದಿದ್ರೆ ಆ ಗುಡ್ಡ ಹತ್ತಿ ಬರೋಕೆ ಆಗ್ತಿರಲಿಲ್ಲ. ಉಸಿರನ್ನ ಹೊತ್ಕೊಂಡು ಹೋಗೋದು ಆ ಮೊಳೆಯೇ."

ಎರಡು ವರ್ಷ ತಲೆಗೆ ಹತ್ತದ ಹಿಮೋಗ್ಲೋಬಿನ್ ಆ ಬೆಳಿಗ್ಗೆ ಹತ್ತಿತು.

ವಾರಕ್ಕೆ ನಾಲ್ಕು ದಿನ ಬರತೊಡಗಿದಳು. ಅವನ ಬಳಿ ಹಳೆಯ ಮೈಕ್ರೋಸ್ಕೋಪ್ ಇತ್ತು. ಒಂದು ದಿನ ಬೆಂಕಿಕಡ್ಡಿಯ ಹಿಂತುದಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದು ಕೊಡಲು ಹೇಳಿದ. ಗಾಜಿನ ಮೇಲೆ ಸವರಿ, ಒಂದು ಹನಿ ನೀಲಿ ಬಣ್ಣ ಬಿಟ್ಟು, ಬೆಳಕಿಗೆ ಕನ್ನಡಿ ತಿರುಗಿಸಿದ. ಅವಳು ಒಂದು ಕಣ್ಣು ಮುಚ್ಚಿ ನೋಡಿದಳು. ತೆಳು ಹಾಳೆಯಂಥ ಕೋಶಗಳು, ಒಂದೊಂದರ ನಡುವೆಯೂ ಒಂದು ಕಡುನೀಲಿ ಬೊಟ್ಟು.

"ಇದು ನಾನಾ?"

"ನೀವೇ. ಎಪಿಥೀಲಿಯಂ, ಅಂದ್ರೆ ಹೊದಿಕೆಯ ಅಂಗಾಂಶ. ಹೊರಗಿಂದ ಎಲ್ಲರೂ ನೋಡಿರಬಹುದು. ಒಳಗಿಂದ ನೋಡಿದ್ದು ನಾನೊಬ್ಬನೇ."

ಹೇಳಿದ ಮೇಲೆ ಅವನಿಗೇ ನಾಚಿಕೆಯಾಗಿ ಕಣದ ಕಡೆ ತಿರುಗಿದ. ಅವಳು ಲೆನ್ಸಿನಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ಕೆನ್ನೆ ಕೆಂಪಾದದ್ದು ಅವನಿಗೆ ಕಾಣುತ್ತಿತ್ತು.

ಆಮೇಲೆ ರಕ್ತ, ಮೂಳೆ, ಕೊಬ್ಬು. ಅದಾದ ಮೇಲೆ ಪುಸ್ತಕದಲ್ಲಿ ಸ್ನಾಯು. ಅವನು ಆ ಹಾಳೆಗಳನ್ನು ಒಟ್ಟಿಗೆ ಮಗುಚಿ ನರಗಳ ಪಾಠ ತೆರೆದ.

"ಸರ್, ಮಸಲ್?"

"ಅದು ಸುಲಭ. ಆಮೇಲೆ ನೋಡುವ."

ಅವಳು ಬರುವ ಹೊತ್ತಿಗೆ ಅವನು ಕುರ್ಚಿಯಲ್ಲಿ ಕೂತಿರುತ್ತಿದ್ದ. ಹೋಗುವಾಗಲೂ ಕೂತೇ ಇರುತ್ತಿದ್ದ. ಫೆಬ್ರವರಿಯ ಒಂದು ಮಧ್ಯಾಹ್ನ ಮರೆತ ಪೆನ್ನಿಗೆಂದು ಅರ್ಧ ದಾರಿಯಿಂದ ತಿರುಗಿ ಬಂದವಳು ಕಣದ ಮೂಲೆಯಲ್ಲೇ ನಿಂತುಬಿಟ್ಟಳು. ಅವನು ಏಳುತ್ತಿದ್ದ. ಮೊದಲು ಕುರ್ಚಿಯ ಕೈ ಹಿಡಿದು ಎರಡು ಮೂರು ಸಲ ತೂಗಿಕೊಂಡ. ಸೊಂಟ ಮೇಲೆದ್ದಿತು, ಬೆನ್ನು ಏಳಲಿಲ್ಲ. ಕೈಗಳನ್ನು ಮೊಣಕಾಲಿಗೆ ಊರಿ, ಅಲ್ಲಿಂದ ತೊಡೆಗೆ, ತೊಡೆಯಿಂದ ಇನ್ನೂ ಮೇಲಕ್ಕೆ, ತನ್ನ ಮೈಯನ್ನು ತಾನೇ ಹತ್ತುವವನಂತೆ ಒಂದೊಂದೇ ಗೇಣು ಏರಿಸುತ್ತಾ ನಿಂತ. ನಿಂತ ಮೇಲೆ ಹಣೆ ಒರೆಸಿಕೊಂಡ.

ಪೆನ್ನು ತೆಗೆದುಕೊಳ್ಳದೆ ಅವಳು ವಾಪಸಾದಳು. ಬೆನ್ನುನೋವಿನವರು ಹಾಗೆ ಏಳುವುದಿಲ್ಲ ಎಂಬಷ್ಟು ಅವಳಿಗೂ ಗೊತ್ತಿತ್ತು. ಮೊದಲ ದಿನ ಪುಸ್ತಕ ಯಾಕೆ ಎತ್ತಿಕೊಡಲಿಲ್ಲ ಎಂಬುದೂ ಬಸ್ಸಿನಲ್ಲಿ ಹೊಳೆಯಿತು. ಆದರೆ ಕಾಯಿಲೆಯ ಹೆಸರು ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಮುಂದಿನ ವಾರ ಅವನ ತಾಯಿ ವಸಂತಮ್ಮ ಜೀಪು ಮಾಡಿಸಿಕೊಂಡು ಸಂಸೆಗೆ ಬಂದರು. ಹೂವು, ಹಣ್ಣು ತಂದಿದ್ದರು. ನಲವತ್ತು ಎಕರೆ ತೋಟದ ಯಜಮಾನಿ ರೈಟರ್ ಮನೆಯ ಚಾಪೆಯ ಮೇಲೆ ಕೂತು ಹೆಣ್ಣು ಕೇಳಿದರು.

"ಆಸ್ತಿಪಾಸ್ತಿ ನೋಡೋರಲ್ಲ ನಾವು, ನಾಗೇಶ. ನರ್ಸ್ ಓದಿದ ಹುಡುಗಿ. ಮನೆಗೆ ಬಂದ್ರೆ ನಮಗೂ ಒಂದು ಧೈರ್ಯ."

ಒಳಗೆ ಕಾಫಿ ಸೋಸುತ್ತಿದ್ದ ಮೇಘಶ್ರೀಗೆ ಎಲ್ಲ ಕೇಳಿಸಿತು. ಸಂತೋಷವೇ ಹೆಚ್ಚಿತ್ತು, ಸುಳ್ಳು ಯಾಕೆ. ಆದರೆ "ಧೈರ್ಯ" ಎಂಬ ಆ ಒಂದು ಮಾತು ಮುಳ್ಳಿನಂತೆ ಉಳಿಯಿತು.

ಮರುದಿನ ಜಗಲಿಯಲ್ಲಿ ಅಶ್ವಿನ್ ಅವಳ ಮುಖ ನೋಡಲಿಲ್ಲ. ಪುಸ್ತಕ ತೆರೆದಿತ್ತು, ಸ್ನಾಯುವಿನ ಪಾಠಕ್ಕೆ.

"ಅಮ್ಮ ನಿಮ್ಮಲ್ಲಿಗೆ ಹೋಗಿದ್ದು ನಂಗೆ ನಿನ್ನೆ ಸಂಜೆ ಗೊತ್ತಾಯ್ತು," ಅಂದ. "ಮೊದಲು ಇದನ್ನ ಮುಗಿಸುವ. ನೋಡಿ."

ಮೈಕ್ರೋಸ್ಕೋಪಿನಲ್ಲಿಟ್ಟ ಮೊದಲ ಸ್ಲೈಡಿನಲ್ಲಿ ಕೋಶಗಳು ಒಂದಕ್ಕೊಂದು ಒತ್ತಿಕೊಂಡು, ಒಂದೇ ಅಳತೆಯಲ್ಲಿ, ಜೋಡಿಸಿಟ್ಟ ಹಂಚಿನ ಹಾಗಿದ್ದವು. ಅವನು ಸ್ಲೈಡ್ ಬದಲಿಸಿದ. ಎರಡನೆಯದರಲ್ಲಿ ಕೆಲವು ಊದಿಕೊಂಡಿದ್ದವು, ಕೆಲವು ಸುರುಟಿದ್ದವು. ನಡುನಡುವೆ ದೊಡ್ಡ ಬಿಳಿ ಖಾಲಿಗಳು.

"ಈ ಬಿಳಿ ಏನು?"

"ಕೊಬ್ಬು. ಸ್ನಾಯು ಸತ್ತಲ್ಲಿ ಬಂದು ಕೂತಿದೆ."

"ಇದು ಯಾರದ್ದು, ಸರ್?"

"ನನ್ನದು. ಎಡತೊಡೆ. ಬೆಂಗಳೂರಿನ ಆಸ್ಪತ್ರೇಲಿ ತೆಗೆದದ್ದು, ನಾಲ್ಕು ವರ್ಷ ಆಯ್ತು."

ಪಾಠ ಮಾಡುವ ದನಿಯಲ್ಲೇ ಅವನು ಹೇಳಿದ. "ಸ್ನಾಯುವಿನ ಪ್ರತಿ ನಾರಿಗೂ ಒಂದು ಪೊರೆ ಇರ್ತದೆ. ಅದನ್ನ ಭದ್ರವಾಗಿ ಹಿಡಿಯೋಕೆ ಒಂದು ಪ್ರೋಟೀನ್ ಬೇಕು. ನನ್ನ ಮೈಗೆ ಅದನ್ನ ಮಾಡೋಕೆ ಬರಲ್ಲ. ಎದ್ರೂ ಕೂತ್ರೂ ಪೊರೆ ಹರೀತದೆ. ಒಂದಷ್ಟು ವರ್ಷ ದೇಹ ತೇಪೆ ಹಾಕ್ತದೆ, ಆಮೇಲೆ ಅದಕ್ಕೂ ಸಾಕಾಗ್ತದೆ. ಮೊದಲು ಸೊಂಟ, ತೊಡೆ. ಆಮೇಲೆ ಹೆಗಲು. ಕೊನೆಗೆ ಉಸಿರಾಟದ ಸ್ನಾಯು. ನನ್ನ ಅಣ್ಣ, ವಿವೇಕಣ್ಣ, ಹೋದದ್ದು ಹಾಗೇ, ಮೂವತ್ತೊಂದಕ್ಕೆ. ಊರಿಗೆ ಜಾಂಡೀಸ್ ಅಂತ ಹೇಳಿದ್ವಿ. ನಂಗೀಗ ಇಪ್ಪತ್ತೆಂಟು. ನಂದು ಅಣ್ಣನಿಗಿಂತ ನಿಧಾನ ಅಂತಾರೆ ಡಾಕ್ಟ್ರು."

"ಊರಿಗೆ ಯಾಕೆ ಸುಳ್ಳು?"

"ಅಮೂಲ್ಯಾ ಇದ್ದಾಳಲ್ಲ." ಅಮೂಲ್ಯಾ ಅವನ ತಂಗಿ. ಆಲ್ದೂರಿನವರ ಜೊತೆ ಅವಳ ಮದುವೆಯ ಮಾತುಕತೆ ಮುಗಿದಿತ್ತು. "ಮನೇಲಿ ಹೀಗೊಂದಿದೆ ಅಂತ ಗೊತ್ತಾದ್ರೆ ಯಾರು ಮಾಡ್ಕೊಳ್ತಾರೆ?"

ಕಣದಲ್ಲಿ ಯಾರೋ ಕಾಫಿ ರಾಶಿ ಮಾಡುತ್ತಿದ್ದ ಸರಸರ ಸದ್ದು. ಮೇಘಶ್ರೀ ಪುಸ್ತಕ ಮುಚ್ಚಿದಳು.

"ನಿಮ್ಮಮ್ಮ ಕೇಳೋಕೆ ಬಂದದ್ದು ಹೆಂಡ್ತಿಯನ್ನಾ, ನರ್ಸನ್ನಾ?"

"ಅಮ್ಮನಿಗೆ ಹೆದರಿಕೆ. ಒಬ್ಬ ಮಗನನ್ನ ಎತ್ತಿ ಮಲಗಿಸಿ ಸೋತಿದ್ದಾರೆ. ತಪ್ಪು ತಿಳ್ಕೋಬೇಡಿ."

"ನಿಮಗೆ?"

ಅವನು ಮೈಕ್ರೋಸ್ಕೋಪಿನ ತಿರುಪನ್ನು ಸುಮ್ಮನೆ ತಿರುಗಿಸಿದ. "ನೀವು ಬಸ್ಸಿಳಿಯೋ ಹೊತ್ತಿಗಿಂತ ನಾನು ಅರ್ಧ ಗಂಟೆ ಮುಂಚೆ ಬಂದು ಕೂರ್ತಿದ್ದೆ, ಏಳೋದು ನಿಮಗೆ ಕಾಣಬಾರದು ಅಂತ. ಅದಕ್ಕಿಂತ ಹೆಚ್ಚು ಏನು ಹೇಳಲಿ? ನೀವು ಬೇಡ ಅಂದುಬಿಡಿ, ಮೇಘಾ. ನಾನೇ ಬೇಡ ಅಂದ್ರೆ ಅಮ್ಮ ಕೇಳಲ್ಲ."

ಮೊದಲ ಸಲ ಅವಳನ್ನು ಹಾಗೆ ಕರೆದಿದ್ದ. ಕರೆದದ್ದು ಅವಳಿಂದ ಬೇಡ ಅನ್ನಿಸಲಿಕ್ಕೆ.

ಅವಳು ಬೇಡ ಅಂದಳು. ಕಾರಣ ಹೇಳುವ ಹಾಗಿರಲಿಲ್ಲ; ಹೇಳಿದರೆ ಅಮೂಲ್ಯಾಳ ಮದುವೆ ಮುರಿಯುತ್ತಿತ್ತು. ಅಪ್ಪ ಬೈದರು, ಬೇಡಿಕೊಂಡರು, ಕೊನೆಗೆ ಮಾತು ಬಿಟ್ಟರು. "ನಾಲ್ಕಕ್ಷರ ಕಲ್ತ ಸೊಕ್ಕು" ಎಂದು ಊರೆಲ್ಲ ಆಡಿತು. ಅವಳು ಎಲ್ಲವನ್ನೂ ನುಂಗಿದಳು. ಏಪ್ರಿಲ್‌ನಲ್ಲಿ ಪರೀಕ್ಷೆ ಪಾಸಾದಳು. ರಿಸಲ್ಟ್ ಬಂದ ದಿನ ಕಳಸಕ್ಕೊಂದು ಕಾರ್ಡ್ ಬರೆದಳು. ಉತ್ತರ ಬರಲಿಲ್ಲ.

ಐದು ವರ್ಷ ಕಳೆಯಿತು. ಚಿಕ್ಕಮಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆದಳು. ಬಂದ ಎರಡು ಸಂಬಂಧಗಳನ್ನು ಏನೋ ನೆಪ ಹೇಳಿ ತಳ್ಳಿದಳು. ವಾರ್ಡಿನಲ್ಲಿ ಉಸಿರಿಗೆ ಒದ್ದಾಡುವವರ ಪಕ್ಕ ನಿಂತಾಗಲೆಲ್ಲ ಒಬ್ಬನ ವಯಸ್ಸನ್ನು ಮನಸ್ಸಿನಲ್ಲೇ ಕೂಡುತ್ತಿದ್ದಳು. ಮೂವತ್ತು. ಮೂವತ್ತೊಂದು. ಮೂವತ್ತೆರಡು ಆದ ವರ್ಷ ಹೊರನಾಡಿಗೆ ಹೋಗಿ ಬಂದಳು. ದಾರಿಯಲ್ಲಿ ಕಳಸ ಸಿಕ್ಕಿತು. ಬಸ್ಸಿನಿಂದ ಇಳಿಯಲಿಲ್ಲ.

ಎರಡು ಸಾವಿರದ ಮೂರರ ಜೂನ್‌ನಲ್ಲಿ ಅಮೂಲ್ಯಾ ಎರಡನೇ ಹೆರಿಗೆಗೆ ಅದೇ ಆಸ್ಪತ್ರೆಗೆ ಬಂದಳು. ಮೂರನೇ ದಿನ, ಮಗುವಿಗೆ ಬಟ್ಟೆ ಸುತ್ತುತ್ತಿದ್ದ ಮೇಘಶ್ರೀಯ ಕೈ ಹಿಡಿದಳು.

"ಅಕ್ಕ, ನೀವು ಯಾಕೆ ಬೇಡ ಅಂದ್ರಿ ಅಂತ ಅಮ್ಮ ಸಾಯುವಾಗ ಹೇಳಿದ್ರು. ಹೋದ ಚಳಿಗಾಲದಲ್ಲಿ ಹೋದ್ರು. ನನ್ನ ಮನೆಯವರಿಗೂ ಈಗ ಎಲ್ಲ ಗೊತ್ತು, ಏನೂ ಅನ್ನಲಿಲ್ಲ ಪಾಪ."

"ನಿಮ್ಮಣ್ಣ?"

"ವೀಲ್‌ಚೇರಲ್ಲಿ. ಕೈಯೂ ಮೇಲೆ ಏಳಲ್ಲ. ತಂಗಮ್ಮ ಅಂತ ತೋಟದವರು, ಅವರೂ ಅವರ ಗಂಡನೂ ಸ್ನಾನ, ಊಟ ಎಲ್ಲ ನೋಡ್ತಾರೆ. ಅದಕ್ಕೇನೂ ಕೊರತೆಯಿಲ್ಲ. ಮಾತಾಡೋಕೆ ಮಾತ್ರ ಯಾರೂ ಇಲ್ಲ."

ಆ ಭಾನುವಾರ ಮೇಘಶ್ರೀ ಕಳಸದಲ್ಲಿ ಬಸ್ಸಿಳಿದಳು.

ಅವನು ತೆಳ್ಳಗಾಗಿದ್ದ. ಹೆಗಲ ಮೂಳೆಗಳು ಅಂಗಿಯೊಳಗಿಂದ ಎದ್ದು ಕಾಣುತ್ತಿದ್ದವು. ಅವಳನ್ನು ಕಂಡು ನಗಲು ಹೋದವನಿಗೆ ಉಸಿರು ಸಾಲದೆ ಒಂದು ಕ್ಷಣ ತಡೆಯಿತು. ಕಾಯಿಲೆ ಎಲ್ಲಿಗೆ ಮುಟ್ಟಿದೆ ಎಂಬುದು ಅವಳಿಗೆ ಅಲ್ಲೇ ತಿಳಿಯಿತು.

"ಕಾರ್ಡ್ ಬಂದಿತ್ತು," ಅಂದ. "ಉತ್ತರ ಬರೆದು ಹರಿದುಹಾಕಿದೆ. ನಾಲ್ಕು ಸಲ."

"ಏನಂತ ಬರೆದಿದ್ರಿ?"

"ನಾಲ್ಕು ಸಲವೂ ಒಂದೇ. ಮತ್ತೆ ಬನ್ನಿ ಅಂತ."

"ಬಂದಿದ್ದೇನೆ."

"ಈಗ ಬಂದು ಎಂತ ಮಾಡ್ತೀರಿ? ನರ್ಸ್ ಕೆಲಸಕ್ಕಾದ್ರೆ ತಂಗಮ್ಮ ಇದ್ದಾರೆ."

"ಗೊತ್ತು. ಅದಕ್ಕೇ ಬಂದೆ. ಆಗ ಕರೆದದ್ದು ನರ್ಸನ್ನ. ಈಗ ಆ ಜಾಗ ಖಾಲಿ ಇಲ್ಲ."

ಅವನು ಮೆಲ್ಲಗೆ, ನಡುವೆ ಉಸಿರು ತೆಗೆದುಕೊಳ್ಳುತ್ತಾ ಹೇಳಿದ. "ಮೇಘಾ, ಒಂದು ವರ್ಷ ಇರಬಹುದು. ಎರಡು ಇರಬಹುದು. ನೀವು ಇದನ್ನ ಓದಿದವರು."

"ಓದಿಸಿದವರು ನೀವು. ಎಷ್ಟು ದಿನ ಅಂತ ನಾನು ಕೇಳಲಿಲ್ಲ. ನಾನು ಬರೋದು ನಿಮಗೆ ಬೇಕಾ ಅಂತ ಕೇಳ್ತಿದ್ದೇನೆ."

"ಬೇಕು," ಅಂದ. "ತುಂಬ ಬೇಕು ಮಾರಾಯ್ತಿ."

ಅದನ್ನು ಹೇಳಿ ಅತ್ತ. ಕಣ್ಣೊರೆಸಿಕೊಳ್ಳಲು ಅವನ ಕೈ ಮುಖದವರೆಗೆ ಏಳಲಿಲ್ಲ. ಅವಳು ಸೆರಗಿನಿಂದ ಒರೆಸಿದಳು. ಆ ಮುಖವನ್ನು ಮುಟ್ಟಿದ್ದು ಅದೇ ಮೊದಲು.

ಶ್ರಾವಣದಲ್ಲಿ, ಅವನ ಮನೆಯ ನಡುಮನೆಯಲ್ಲೇ ಮದುವೆ. ಹತ್ತು ಹದಿನೈದು ಜನ. ನಾಗೇಶ ಬರುವುದಿಲ್ಲ ಅಂದಿದ್ದರು. ಆದರೂ ಬಂದು, ಕೊಡೆ ಮಡಚದೆ ಬಾಗಿಲಲ್ಲೇ ನಿಂತಿದ್ದರು. ಐದು ವರ್ಷ ಸಿಟ್ಟು ಮಾಡಿದ ಮೇಲೆ, ಅವಳು ಅಂದು ಬೇಡ ಅಂದದ್ದು ಯಾಕೆಂದು ಅವರಿಗೆ ಗೊತ್ತಾಗಿ ವಾರವೂ ಆಗಿರಲಿಲ್ಲ. ಮಗಳು ಹತ್ತಿರ ಹೋದಾಗ, "ಆಗಲೇ ಹೇಳಬಾರದಿತ್ತಾ," ಎಂದಷ್ಟೇ ಅಂದು ಮುಖ ತಿರುಗಿಸಿಕೊಂಡರು.

ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರಿಗೆ ಏನೂ ತೋಚಲಿಲ್ಲ. ವರನ ಕೈ ಎದೆಯಿಂದ ಮೇಲಕ್ಕೆ ಬರುವುದಿಲ್ಲ. "ಬೇರೆ ಯಾರಾದ್ರೂ ಕೈ ಹಿಡಿದು ಎತ್ತಿದ್ರೆ..." ಎಂದು ಸುತ್ತ ನೋಡಿದರು.

"ಬೇಡ," ಅಂದಳು ಮೇಘಶ್ರೀ. ಗಾಲಿಕುರ್ಚಿಯ ಮುಂದೆ ನೆಲದ ಮೇಲೆ ಅವನಿಗೆ ಬೆನ್ನು ಮಾಡಿ ಕೂತಳು. ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ಕುತ್ತಿಗೆ ಅವನ ಮಡಿಲಿಗೆ ಬರುವಷ್ಟು ಹಿಂದಕ್ಕೆ ಸರಿದಳು. ಹೆಗಲು ಸೋತಿತ್ತು, ತೋಳು ಸೋತಿತ್ತು. ಬೆರಳುಗಳನ್ನು ಮಾತ್ರ ಕಾಯಿಲೆ ಇನ್ನೂ ಮುಟ್ಟಿರಲಿಲ್ಲ. ಅರಿಸಿನದ ದಾರ ಅವನ ಬೆರಳಲ್ಲಿ ಒಮ್ಮೆ ಜಾರಿತು. ಮೂರೂ ಗಂಟನ್ನು ಅವನೇ ಹಾಕಿದ.

ಅವರಿಗೆ ಸಿಕ್ಕಿದ್ದು ಹತ್ತೊಂಬತ್ತು ತಿಂಗಳು. ಅವಳು ಆಸ್ಪತ್ರೆ ಬಿಟ್ಟು ಕಳಸದಲ್ಲೇ ಒಬ್ಬ ಡಾಕ್ಟರ ಕ್ಲಿನಿಕ್ಕಿಗೆ ಸೇರಿದಳು. ಸಂಜೆ ಮನೆಗೆ ಬಂದು ದಿನದ ಕತೆ ಹೇಳುತ್ತಿದ್ದಳು, ಅವನು ಕೇಳಿ ತಮಾಷೆ ಮಾಡುತ್ತಿದ್ದ. ಕಡೆಕಡೆಗೆ ತಮಾಷೆಯ ವಾಕ್ಯಗಳು ಚಿಕ್ಕವಾದವು. ಎರಡು ಸಾವಿರದ ಐದರ ಮಾರ್ಚ್‌ನಲ್ಲಿ ನೆಗಡಿ ಎದೆಗಿಳಿಯಿತು. ದೊಡ್ಡಾಸ್ಪತ್ರೆಯ ಉಸಿರಾಟದ ಮೆಷಿನ್ನಿಗೆ ತನ್ನನ್ನು ಹಾಕಬಾರದೆಂದು ಅವನು ಮೊದಲೇ ಮಾತು ತೆಗೆದುಕೊಂಡಿದ್ದ. ಅವಳು ಮಾತಿಗೆ ತಪ್ಪಲಿಲ್ಲ.

ಕೊನೆಯ ದಿನ ಮಧ್ಯಾಹ್ನ, ನಿಮಿಷಕ್ಕೆ ಉಸಿರು ಎಷ್ಟೆಂದು ಎಣಿಸಲು ಅವಳ ಕಣ್ಣು ತಾನಾಗಿ ಕೈಗಡಿಯಾರಕ್ಕೆ ಹೋಯಿತು. ಮೂವತ್ತೆಂಟು. ಸ್ವಲ್ಪ ಹೊತ್ತಿನ ಮೇಲೆ ನಲವತ್ತು. ಅಶ್ವಿನ್ ಅದನ್ನು ನೋಡುತ್ತಿದ್ದ. ಬೆರಳಿನಿಂದ ಅವಳ ಮಣಿಕಟ್ಟನ್ನು ಮುಟ್ಟಿ ಬೇಡವೆಂಬಂತೆ ತಲೆಯಾಡಿಸಿದ.

ಅವಳು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು. ಮಂಚ ಹತ್ತಿ, ಅವನ ಪಕ್ಕ ಮಲಗಿ, ಅವನ ತಲೆಯನ್ನು ತನ್ನ ತೋಳಿನ ಮೇಲಿಟ್ಟುಕೊಂಡಳು. ಮತ್ತೆ ಎಣಿಸಲಿಲ್ಲ.